ಆ ಹುಡುಗಿಯನ್ನು ಓಡಿಸಬೇಡಿ

ನಮಸ್ಕಾರ.

ನಿಮ್ಮ ‘ಹಿಮದ ಮನೆ’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ. ಅದನ್ನು ಹೇಳಬೇಕೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

1934ನೇ ಇಸವಿ. ಜಿನೀವಾದ ಏಳು ವರ್ಷದ ಹುಡುಗಿ, ಬೆನ್ನುಮೂಳೆಗೆ ಕ್ಷಯ. ಸ್ವಿಟ್ಜರ್ಲೆಂಡಿನ ಬೆಟ್ಟದ ಊರು ಲೇಸಿನ್‌ನಲ್ಲಿ ಡಾ. ರೋಲಿಯೆ ಅವರ ಆಸ್ಪತ್ರೆಗೆ ಅಮ್ಮ ಅವಳನ್ನು ಬಿಟ್ಟು ಹೋಗುತ್ತಾಳೆ. 1939ರ ಕೊನೆಗೆ ಇಂದಿರಾ ಗಾಂಧಿಯವರೂ ಅಲ್ಲಿ ಚಿಕಿತ್ಸೆಗೆ ಹೋಗಿದ್ದರು ಎಂದು ಓದಿದಾಗ ಈ ಕಥೆ ಹೊಳೆಯಿತು ಅಂತ ಬರೆದಿದ್ದೀರಿ. ಒಳ್ಳೆಯ ಎಳೆ. ಆದರೆ ನಿಮ್ಮ ಹುಡುಗಿ ಮೂರನೇ ಪುಟದಲ್ಲಿ ಹಿಮದಲ್ಲಿ ಓಡುತ್ತಾಳೆ. ಐದನೇ ಪುಟದಲ್ಲಿ ಕೆಮ್ಮಿ, ಕರವಸ್ತ್ರದಲ್ಲಿ ರಕ್ತ ನೋಡುತ್ತಾಳೆ. ಇದು ಸಿನಿಮಾದ ಕ್ಷಯ. ಬೆನ್ನುಮೂಳೆ ಹುಳುಕಾದ ಮಗು ಓಡುವುದಿಲ್ಲ. ಅಲುಗಾಡದಂತೆ ಪಟ್ಟಿ ಕಟ್ಟಿ ಮಲಗಿಸುತ್ತಿದ್ದರು. ತಿಂಗಳುಗಟ್ಟಲೆ, ಕೆಲವರನ್ನು ವರ್ಷಗಟ್ಟಲೆ. ಮೂಳೆಯ ಕಾಯಿಲೆಗೆ ಈ ಕೆಮ್ಮು ಯಾಕೆ?

ರೋಲಿಯೆ ಮೊದಲು ಸರ್ಜನ್ ಆಗಿದ್ದವರು. ಕ್ಷಯ ಹಿಡಿದ ಮೂಳೆಯನ್ನು ಕೊಯ್ಯುವ ದಾರಿ ಬಿಟ್ಟು, 1903ರಲ್ಲಿ ಲೇಸಿನ್‌ನಲ್ಲಿ ಬಿಸಿಲಿನ ಚಿಕಿತ್ಸೆ ಶುರು ಮಾಡಿದರು. ಅದಕ್ಕೊಂದು ಕ್ರಮ ಇತ್ತು. ಮೊದಲ ದಿನ ಪಾದಕ್ಕೆ ಮಾತ್ರ ಬಿಸಿಲು, ಅದೂ ಐದೈದು ನಿಮಿಷ. ಆಮೇಲೆ ಮೊಣಕಾಲಿನವರೆಗೆ, ತೊಡೆಯವರೆಗೆ, ಹೊಟ್ಟೆ, ಎದೆ. ತಲೆಗೆ ಬಿಳಿ ಟೋಪಿ. ಬೆನ್ನುಮೂಳೆಯ ಮಕ್ಕಳನ್ನು ಬೋರಲಾಗಿಯೂ ಮಲಗಿಸುತ್ತಿದ್ದರು, ಮೊಣಕೈ ಊರಿ ತಲೆ ಎತ್ತಿ ನೋಡುವ ಹಾಗೆ. ಈಗ ಯೋಚಿಸಿ. ಏಳು ವರ್ಷದ ಮಗುವಿಗೆ ಬಿಸಿಲು ಕಾಲಿನಿಂದ ಮೇಲಕ್ಕೆ ಇಷ್ಟಿಷ್ಟೇ ಹತ್ತಿ ಬರುತ್ತಿದೆ! ಇದಕ್ಕಿಂತ ದೊಡ್ಡ ಘಟನೆ ನಿಮ್ಮ ಕಥೆಗೆ ಬೇಕಾ?

ಇದು ನಿಮಗೂ ಗೊತ್ತಿದೆ. ಯಾಕೆಂದರೆ ನಾಲ್ಕನೇ ಪುಟದಲ್ಲಿ ಅವಳು ಪಕ್ಕದ ಮಂಚದ ಹುಡುಗಿಯ ಜೊತೆ ‘ನಿಂದು ಎಲ್ಲೀವರೆಗೆ ಕಂದಾಗಿದೆ’ ಅಂತ ಕಾಲು ಹೋಲಿಸಿ ನೋಡುತ್ತಾಳೆ. ತನ್ನದು ಇನ್ನೂ ಮೊಣಕಾಲಿಗೇ ನಿಂತಿದೆ ಎಂದು ಮುಖ ಊದಿಸಿಕೊಳ್ಳುತ್ತಾಳೆ. ಓದುತ್ತಾ ನಾನು ಎದ್ದು ಕೂತೆ. ಕಥೆ ಅಲ್ಲಿಂದಲೇ ಶುರುವಾಗಲಿ. ಅದಕ್ಕೂ ಮುಂಚಿನ ರೈಲು, ಮಂಜು, ಅಮ್ಮನ ಕಣ್ಣೀರು ಎಲ್ಲ ತೆಗೆದುಹಾಕಿ. ಅಮ್ಮ ಅಳುವುದನ್ನು ಆರು ಕಡೆ ಬರೆದಿದ್ದೀರಿ. ಜಾಸ್ತಿಯಾಯಿತು.

ನನಗೆ ಎಂಟು ವರ್ಷವಿದ್ದಾಗ ಸೀಬೆಮರದಿಂದ ಬಿದ್ದು ತೊಡೆಮೂಳೆ ಮುರಿದು ಎರಡು ತಿಂಗಳು ನಡುಮನೆಯಲ್ಲಿ ಮಲಗಿದ್ದೆ. ಈಗ ನೋವು ನೆನಪಿಲ್ಲ. ಪ್ಲಾಸ್ಟರ್ ಒಳಗಿನ ನವೆ ನೆನಪಿದೆ. ಅಜ್ಜಿಯ ಸ್ವೆಟರ್ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತಿದ್ದೆ. ಮಲಗಿದವನಿಗೆ ಎಲ್ಲರೂ ಕೆಳಗಿನಿಂದಲೇ ಕಾಣುತ್ತಾರೆ ಅಲ್ವಾ? ಅಪ್ಪನ ಗದ್ದದ ಅಡಿಯಲ್ಲಿ ಒಂದು ಹಳೇ ಗಾಯದ ಕಲೆ ಇತ್ತು. ಓಡಾಡಿಕೊಂಡಿದ್ದಾಗ ಒಂದು ದಿನವೂ ಅದನ್ನು ನೋಡಿರಲಿಲ್ಲ. ನಿಮ್ಮ ಹುಡುಗಿಯ ಕಣ್ಣನ್ನು ಮಂಚದ ಎತ್ತರಕ್ಕೆ ಇಳಿಸಿ. ನರ್ಸ್ ಬಗ್ಗಿದಾಗ ಏನು ಕಾಣುತ್ತದೆ, ಎರಡು ತಿಂಗಳ ಮೇಲೆ ಬಂದ ಅಮ್ಮ ಎಲ್ಲಿ ಕೂರುತ್ತಾಳೆ, ಅದನ್ನು ಬರೆಯಿರಿ.

ಕೆಲವು ತಪ್ಪುಗಳನ್ನು ತಿದ್ದಲೇಬೇಕು. ಡಾಕ್ಟರು 1934ರಲ್ಲಿ ಸ್ಟ್ರೆಪ್ಟೊಮೈಸಿನ್ ಚುಚ್ಚುತ್ತಾರೆ. ಅದು ಕಂಡುಹಿಡಿದದ್ದೇ 1943ರಲ್ಲಿ. ಅಂಥ ಔಷಧಿಗಳು ಬಂದ ಮೇಲೆಯೇ ಈ ಸ್ಯಾನಟೋರಿಯಂಗಳು ಖಾಲಿಯಾದವು. ನಿಮ್ಮ ಹುಡುಗಿಗೆ ಇರುವುದು ಬಿಸಿಲು, ಗಾಳಿ, ಊಟ, ಮಲಗುವುದು ಇಷ್ಟೇ. ನರ್ಸ್‌ಗಳು ಜರ್ಮನ್ ಮಾತಾಡುತ್ತಾರೆ. ಲೇಸಿನ್ ಫ್ರೆಂಚ್ ಮಾತಾಡುವ ಊರು.

ಇನ್ನು ಆ ಮ್ಯಾಟರ್‌ಹಾರ್ನ್. ಅದು ಜರ್ಮಾಟ್ ಊರಿನ ಬೆಟ್ಟ, ನೀವು ಕ್ಯಾಲೆಂಡರಿನಿಂದ ತಂದು ಇಲ್ಲಿಟ್ಟಿದ್ದೀರಿ. ಲೇಸಿನ್‌ನ ಬಾಲ್ಕನಿಗೆ ಎದುರಾಗಿ ಕಾಣುವುದು ದಾಂ ದ್ಯು ಮಿದಿ, ಏಳು ಶಿಖರಗಳ ಸಾಲು. ದಾಂ ಎಂದರೆ ಹಲ್ಲು. ಮಿದಿ ಎಂದರೆ ದಕ್ಷಿಣ, ಮಧ್ಯಾಹ್ನ ಕೂಡ. ಮಧ್ಯಾಹ್ನದ ಹಲ್ಲುಗಳು! ನಿಮ್ಮ ಹುಡುಗಿಗೆ ಏಳು ವರ್ಷ, ಹಾಲುಹಲ್ಲು ಬೀಳುವ ವಯಸ್ಸು. ಬೋರಲು ಮಲಗಿ, ನಾಲಿಗೆಯಲ್ಲಿ ಅಲುಗಾಡುವ ಹಲ್ಲನ್ನು ತಳ್ಳುತ್ತಾ ಅವಳು ಅದನ್ನು ದಿನವೂ ನೋಡುತ್ತಾಳೆ. ಅಲ್ಲಿಂದ ಮುಂದಿನದು ನಿಮಗೆ ಬಿಟ್ಟಿದ್ದು.

ಕೊನೆಯಲ್ಲಿ ಅವಳನ್ನು ಸಾಯಿಸಿದ್ದೀರಿ. ಸುಮ್ನೆ ಕಥೆ ಮುಗಿಯಲಿ ಅಂತ ಸಾಯಿಸಿದ ಹಾಗಿದೆ. ಎದ್ದು ಮನೆಗೆ ಹೋದ ಮಕ್ಕಳೂ ಅಲ್ಲಿ ಬೇಕಾದಷ್ಟಿದ್ದರು. ಮನೆಗೆ ಹೋದ ಮೊದಲ ರಾತ್ರಿ, ಮುಚ್ಚಿದ ಕೋಣೆಯಲ್ಲಿ ಅವಳಿಗೆ ನಿದ್ದೆ ಬರುತ್ತದಾ?

ಗೌರಿ ಹಬ್ಬದೊಳಗೆ ಮತ್ತೆ ಬರೆದು ಕಳಿಸಿ. ಬೆಳಿಗ್ಗೆ ಮಂಚಗಳನ್ನು ಬಾಲ್ಕನಿಗೆ ತಳ್ಳುವಾಗ ಒಂದು ಚಕ್ರ ಮಾತ್ರ ಕಿರ್‍ರೆನ್ನುತ್ತದೆ ಎಂದು ಬರೆದಿದ್ದೀರಲ್ಲ, ಆ ಸಾಲನ್ನು ಮುಟ್ಟಬೇಡಿ.