ಹಿರಿಯರ ನೆನಪು ರೆಕಾರ್ಡ್ ಮಾಡುವಾಗ ಮಕ್ಕಳು ಏನು ಕೇಳಬೇಕು?

ಸುತ್ತಲಿನ ಪರಿಸರ ಹೇಗೆ ಬದಲಾಯಿತು ಅಂತ ನಿಮ್ಮ 9ನೇ ತರಗತಿ ಮಕ್ಕಳು ಹಿರಿಯರನ್ನು ಮಾತಾಡಿಸಿ ರೆಕಾರ್ಡ್ ಮಾಡಬೇಕು, ಅವರು ಏನು ಕೇಳಬೇಕು, ಆ ನೆನಪುಗಳನ್ನು ನಂಬಬಹುದಾ ಅಂತ ಕೇಳಿದ್ದೀರಿ. ಕೆಲವು ವರ್ಷ ಮಕ್ಕಳ ಜೊತೆ ಇದೇ ಕೆಲಸ ಮಾಡಿದ್ದೇನೆ, ಅದರಿಂದ ಗೊತ್ತಾದದ್ದನ್ನು ಹೇಳುತ್ತೇನೆ.

"ಪರಿಸರ ಹೇಗೆ ಬದಲಾಗಿದೆ?" ಅಂತ ಮಾತ್ರ ಕೇಳಿಸಬೇಡಿ. "ಆಗ ಎಲ್ಲ ಚೆನ್ನಾಗಿತ್ತು, ಈಗ ಹಾಳಾಯಿತು" ಅಂದುಬಿಡುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಅವರು ಕೈಯಾರೆ ಮಾಡಿದ ಕೆಲಸದ ಬಗ್ಗೆ ಕೇಳಿ. ನಮ್ಮ ಹುಡುಗಿಯೊಬ್ಬಳು ಒಬ್ಬ ಅಜ್ಜಿಯನ್ನು "ಬಾವಿಯಿಂದ ನೀರು ಸೇದೋಕೆ ಎಷ್ಟು ಹಗ್ಗ ಬೇಕಿತ್ತು?" ಅಂತ ಕೇಳಿದಳು. ಅಜ್ಜಿ ಎರಡೂ ಕೈ ಚಾಚಿ ಗಾಳಿಯಲ್ಲೇ ಹಗ್ಗ ಅಳೆದರು. ಮದುವೆಯಾಗಿ ಬಂದಾಗ ನಾಲ್ಕು ಮಾರು, ಮಗ ದೊಡ್ಡವನಾಗುವ ಹೊತ್ತಿಗೆ ಒಂಬತ್ತು ಮಾರು, ಆಮೇಲೆ ಹಗ್ಗವೇ ಬೇಡವಾಯಿತಂತೆ. ಆಡಿಯೋದಲ್ಲಿ ಕೈ ಕಾಣಿಸಲ್ಲ ಅಲ್ವಾ? ಅವಳು "ಅಜ್ಜಿ, ಇನ್ನೊಂದು ಸಲ ಕೈ ಚಾಚಿ" ಅಂದು ಟೇಪ್ ಹಿಡಿದು ಅಳೆದು, ಎಷ್ಟು ಬಂತು ಅಂತ ಜೋರಾಗಿ ಹೇಳಿದಳು. ನೀರು ಎಷ್ಟು ಕೆಳಗಿಳಿಯಿತು ಅನ್ನೋದಕ್ಕೆ ಒಂದು ಅಂದಾಜು ಸಿಕ್ಕಿಬಿಟ್ಟಿತು!

ಇಸವಿ ಕೇಳಬೇಡಿ, ಅದು ಸುಲಭವಾಗಿ ಹಿಂದೆಮುಂದೆ ಆಗುತ್ತದೆ. ಮದುವೆಗೆ ಮುಂಚೆನಾ, ಮೊದಲ ಮಗು ಹುಟ್ಟಿದ ಮೇಲಾ ಅಂತ ಕೇಳಿ, ಇಸವಿ ನೀವೇ ಲೆಕ್ಕ ಹಾಕಿಕೊಳ್ಳಬಹುದು. ಒಂದೇ ವಿಷಯವನ್ನು ಇಬ್ಬರು ಮೂವರ ಹತ್ತಿರ ಬೇರೆಬೇರೆಯಾಗಿ ಕೇಳಿ, ಹಳೆಯ ಮಳೆ ದಾಖಲೆ, ನಕ್ಷೆ, ಫೋಟೋ ಸಿಕ್ಕರೆ ಹೋಲಿಸಿ ನೋಡಿ. ಹೊಂದದಿದ್ದರೆ ಅಳಿಸಬೇಡಿ, ಹೊಂದಲಿಲ್ಲ ಅಂತಲೇ ಬರೆದಿಡಿ.

ಇಷ್ಟೆಲ್ಲ ಯಾಕೆ ಬೇಕು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಪ್ರತಿ ತಲೆಮಾರೂ ತಾನು ಚಿಕ್ಕಂದಿನಲ್ಲಿ ಕಂಡದ್ದನ್ನೇ ಸಹಜ ಅಂದುಕೊಳ್ಳುತ್ತದೆ, ಅದಕ್ಕೂ ಮುಂಚೆ ಕಳೆದುಹೋದದ್ದು ಅದರ ಲೆಕ್ಕಕ್ಕೇ ಬರುವುದಿಲ್ಲ. ಮೀನುಗಾರಿಕೆ ವಿಜ್ಞಾನಿ ಡೇನಿಯಲ್ ಪೌಲಿ 1995ರಲ್ಲಿ ಇದಕ್ಕೆ 'ಶಿಫ್ಟಿಂಗ್ ಬೇಸ್‌ಲೈನ್' ಅಂತ ಹೆಸರು ಕೊಟ್ಟರು. ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಮೂರು ತಲೆಮಾರಿನ ಮೀನುಗಾರರನ್ನು ಮಾತಾಡಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಕಡಿಮೆಯಾಗಿರುವ ಜೀವಿಗಳು ಯಾವುವು ಅಂತ ಕೇಳಿದಾಗ, ಹಿರಿಯರು ಹೇಳಿದ ಹೆಸರುಗಳು ಕಿರಿಯರು ಹೇಳಿದ್ದರ ಐದು ಪಟ್ಟು! ಕಿರಿಯರು ಸುಳ್ಳು ಹೇಳಿದ್ದಲ್ಲ, ಅವನ್ನೆಲ್ಲ ಅವರು ನೋಡಿಯೇ ಇರಲಿಲ್ಲ.

ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ, ಹೆಸರು ಹಾಕಬಹುದಾ ಅಂತಲೂ ಕೇಳಿ. ಫ್ಯಾನ್ ಆಫ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಅದೇ ದಿನ ಎರಡು ಕಡೆ ಕಾಪಿ ಇಡಿ. ಮಾತಾಡುತ್ತಾ ಅವರು ಸುಮ್ಮನಾದರೆ ಮಕ್ಕಳೂ ಸುಮ್ನೆ ಕೂತಿರಲಿ, ಮುಂದಿನ ಪ್ರಶ್ನೆಗೆ ಅವಸರ ಬೇಡ. ಹಾಗೆ ಸುಮ್ಮನಿದ್ದು ಮತ್ತೆ ಶುರು ಮಾಡಿದ ಮಾತೇ ಎಷ್ಟೋ ಸಲ ಜಾಸ್ತಿ ಬೆಲೆಯದ್ದಾಗಿರುತ್ತದೆ.

ಆಗೋದಾದರೆ ಎರಡನೇ ಸಲವೂ ಹೋಗಿ, ಮೊದಲ ರೆಕಾರ್ಡಿಂಗ್ ಅವರಿಗೇ ಕೇಳಿಸಿ. ಆ ಅಜ್ಜಿ ಹಾಗೆ ಕೇಳುತ್ತಾ ಕೂತಿದ್ದಾಗಲೇ, ಮಳೆ ಬಿದ್ದ ರಾತ್ರಿ ಕಪ್ಪೆಗಳ ಗಲಾಟೆಗೆ ಮಗು ಎದ್ದು ಅಳುತ್ತಿದ್ದದ್ದನ್ನು ಹೇಳಿದರು. ಮೊದಲ ದಿನ ಕಪ್ಪೆಗಳ ಸುದ್ದಿಯೇ ಬಂದಿರಲಿಲ್ಲ.