ದಕ್ಷಿಣ ಸುಡಾನ್‌ನಲ್ಲಿ ನೆರವು ಕಾರ್ಯಕರ್ತರನ್ನೇ ಯಾಕೆ ಕೊಂದರು?

ಅನ್ನ, ಔಷಧಿ ಕೊಡಲು ಬಂದವರನ್ನೇ ಯಾಕೆ ಕೊಲ್ಲಬೇಕು ಅಂತ ಕೇಳಿದ್ದೀರಿ. ಎಷ್ಟೋ ಸಲ ಅವರ ಕೆಲಸವಲ್ಲ, ಅವರ ಬುಡಕಟ್ಟೇ ಕಾರಣ. 2013ರ ಡಿಸೆಂಬರ್‌ನಲ್ಲಿ ರಾಜಧಾನಿ ಜುಬಾದಲ್ಲಿ ಡಿಂಕಾ ಬುಡಕಟ್ಟಿನ ಅಧ್ಯಕ್ಷ ಸಾಲ್ವಾ ಕೀರ್ ಮತ್ತು ನುಯೆರ್ ಬುಡಕಟ್ಟಿನ ಮಾಜಿ ಉಪಾಧ್ಯಕ್ಷ ರೀಕ್ ಮಚಾರ್ ಬಣಗಳ ನಡುವೆ ಶುರುವಾದ ಜಗಳ ನೋಡನೋಡುತ್ತಲೇ ಡಿಂಕಾ-ನುಯೆರ್ ದ್ವೇಷಕ್ಕೆ ತಿರುಗಿತು. 2014ರ ಆಗಸ್ಟ್‌ನಲ್ಲಿ ದೇಶದ ಈಶಾನ್ಯ ಭಾಗದ ಮಬಾನ್‌ ಪ್ರದೇಶದ ಒಂದು ಸಶಸ್ತ್ರ ಗುಂಪು ನುಯೆರ್ ನೆರವು ಕಾರ್ಯಕರ್ತರನ್ನು ಹುಡುಕಿ ಹುಡುಕಿ ಕೊಂದಿತು, ಕನಿಷ್ಠ 6 ಜನ. ಸತ್ತವರು ಯಾರೂ ಹೊರಗಿನವರಲ್ಲ, ಅದೇ ದೇಶದವರು.

ಮಬಾನ್‌ನ ಶಿಬಿರಗಳಲ್ಲಿ ಆಗ ಪಕ್ಕದ ದೇಶ ಸುಡಾನ್‌ನ ಬ್ಲೂ ನೈಲ್ ರಾಜ್ಯದಿಂದ ಓಡಿಬಂದ 1 ಲಕ್ಷಕ್ಕೂ ಜಾಸ್ತಿ ನಿರಾಶ್ರಿತರಿದ್ದರು. ಈ ಕೊಲೆಗಳಾದ ಮೇಲೆ ನೆರವು ಸಿಬ್ಬಂದಿಯನ್ನು ಅಲ್ಲಿಂದ ಸ್ಥಳಾಂತರಿಸಲೇಬೇಕಾಯಿತು. ನೀರಿನ ಪಂಪಿಗೆ ಡೀಸೆಲ್ ಹಾಕುವವರು, ರೇಷನ್ ಪಟ್ಟಿ ಹಿಡಿದು ಹೆಸರು ಕೂಗುವವರು ಹೋದರೆ ಶಿಬಿರ ಹೇಗೆ ನಡೆಯಬೇಕು, ಅಲ್ವಾ? ಗುಂಡು ಬಿದ್ದದ್ದು ಕೆಲವರಿಗೆ, ಪೆಟ್ಟು ಆ ಶಿಬಿರದಲ್ಲಿದ್ದ ಎಲ್ಲರಿಗೂ.