ಬಿ.ಎ.ಗೆ ಹತ್ತಿರದ ಸರ್ಕಾರಿ ಕಾಲೇಜು ಸಾಕೇ, ಧಾರವಾಡಕ್ಕೇ ಹೋಗಬೇಕೇ?

ಪ್ರಶ್ನೆ: ನಮ್ಮದು ಮುಧೋಳ ಹತ್ತಿರದ ಹಳ್ಳಿ. ತಂಗಿ ಪಿಯು ಆರ್ಟ್ಸ್‌ನಲ್ಲಿ ಶೇ 84 ಅಂಕ ತೆಗೆದಿದ್ದಾಳೆ. ಮುಂದೆ ಹಿಸ್ಟರಿ ಲೆಕ್ಚರರ್ ಆಗುವ ಆಸೆ. ದಿನಾ ಓಡಾಡುವಷ್ಟು ದೂರದಲ್ಲೇ ಸರ್ಕಾರಿ ಡಿಗ್ರಿ ಕಾಲೇಜಿದೆ. ಸಂಬಂಧಿಕರು ಮಾತ್ರ ‘ಅಲ್ಲೇನೈತಿ, ಧಾರವಾಡಕ್ಕ ಕಳಸ್ರಿ’ ಅಂತಾರೆ. ಏನು ಮಾಡೋಣ ಸರ್?

ಉತ್ತರ: ಧಾರವಾಡ ಅಂದ್ರೆ ನಮ್ಮ ಕಡೆ ಎಲ್ಲರಿಗೂ ಒಂದು ಮೋಹ. ಇರಲಿ, ಅದನ್ನು ಎಂ.ಎ.ಗೆ ಇಟ್ಟುಕೊಳ್ಳಿ. ಬಿ.ಎ.ಗೆ ಹತ್ತಿರದ ಕಾಲೇಜೇ ಸಾಕು, ಅಲ್ಲಿ ಹಿಸ್ಟರಿ ಪಾಠ ಸರಿಯಾಗಿ ನಡೆಯುತ್ತಿದ್ದರೆ.

ಅದನ್ನು ಪ್ರಿನ್ಸಿಪಾಲರ ಕೊಠಡಿಯಲ್ಲಿ ಕೇಳಬೇಡಿ. ಫೈನಲ್ ಇಯರ್ ಹುಡುಗಿಯರನ್ನು ಬಸ್‌ಸ್ಟಾಪಿನಲ್ಲಿ ಕೇಳಿ: ‘ಹೋದ ಸೆಮಿಸ್ಟರ್ ಪೋರ್ಷನ್ ಮುಗೀತಾ?’ ಸರ್ಕಾರಿ ಕಾಲೇಜುಗಳಲ್ಲಿ ಗೆಸ್ಟ್ ಲೆಕ್ಚರರ್‌ಗಳು ಜಾಸ್ತಿ. ಅವರಲ್ಲಿ ಚೆನ್ನಾಗಿ ಕಲಿಸುವವರು ಎಷ್ಟೋ ಜನ. ತೊಂದರೆ ಇರುವುದು ಅವರ ನೇಮಕ ತಡವಾದಾಗ. ಪಿರಿಯಡ್‌ಗಳು ಸುಮ್ನೆ ಖಾಲಿ ಹೋಗುತ್ತವೆ. ಹಿಸ್ಟರಿಗೆ ಒಬ್ಬರಾದರೂ ಕಾಯಂ ಅಧ್ಯಾಪಕರಿದ್ದರೆ ಅರ್ಧ ಚಿಂತೆ ಕಳೆಯಿತು.

ಇನ್ನು ಹಿಸ್ಟರಿ ಓದುವವರಿಗೆ ಬಾಗಲಕೋಟೆ ಜಿಲ್ಲೆಗಿಂತ ಒಳ್ಳೆಯ ಜಾಗ ಯಾವುದಿದೆ ಹೇಳಿ! ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿ ಬರೆದ 634ರ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಪರೀಕ್ಷೆಗೆ ಬಾಯಿಪಾಠ ಮಾಡ್ತಾರಲ್ಲ, ಅದಕ್ಕೆ ಆಧಾರವೇ ಈ ಕಲ್ಲು. ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಯೇ ಇದೆ. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. ಬೇರೆ ಕಡೆಯ ವಿದ್ಯಾರ್ಥಿಗಳು ಪ್ರವಾಸ ಹಾಕಿಕೊಂಡು ಬರುವ ಜಾಗ ನಿಮ್ಮ ತಂಗಿಗೆ ರವಿವಾರ ಬೆಳಿಗ್ಗೆ ಹೋಗಿ ಸಂಜೆ ಮರಳುವಷ್ಟು ಹತ್ತಿರ. ಆ ಕಾಲೇಜಿನ ಹಿಸ್ಟರಿಯವರು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಾರಾ, ಇಲ್ಲ ಗೈಡ್ ಓದಿಸಿ ಮುಗಿಸುತ್ತಾರಾ? ಕಟ್ಟಡ ನೋಡುವ ಮೊದಲು ಇದನ್ನು ವಿಚಾರಿಸಿ.

ಡಿಗ್ರಿ ಕೊಡುವುದು ವಿಶ್ವವಿದ್ಯಾಲಯ. ಈ ಭಾಗದ ಕಾಲೇಜುಗಳು ಮೊದಲು ಬೆಳಗಾವಿಯ ರಾಣಿ ಚನ್ನಮ್ಮ ವಿ.ವಿ.ಯಲ್ಲಿದ್ದವು, 2023ರಲ್ಲಿ ಜಮಖಂಡಿಯಲ್ಲಿ ಬಾಗಲಕೋಟೆ ವಿ.ವಿ. ಶುರುವಾಯಿತು. ಒಂದೇ ವಿ.ವಿ.ಯ ಕೆಳಗೆ ಸರ್ಕಾರಿ ಕಾಲೇಜಾಗಲಿ, ದೊಡ್ಡ ಫೀ ತೆಗೆದುಕೊಳ್ಳುವ ಕಾಲೇಜಾಗಲಿ, ಸ್ವಾಯತ್ತವಲ್ಲದಿದ್ದರೆ ಪ್ರಶ್ನೆಪತ್ರಿಕೆ ಒಂದೇ.

ಕಾಂಬಿನೇಷನ್ ಆರಿಸುವಾಗ ಅವಸರ ಬೇಡ. ಎಂ.ಎ. ಹಿಸ್ಟರಿ ಸೇರಲು ಸಾಮಾನ್ಯವಾಗಿ ಬಿ.ಎ.ಯಲ್ಲೂ ಹಿಸ್ಟರಿ ಇರಬೇಕು. ಪಿಯು ಲೆಕ್ಚರರ್ ಆಗಲು ಎಂ.ಎ. ಜೊತೆ ಬಿ.ಇಡಿ. ಬೇಕು, ಡಿಗ್ರಿ ಕಾಲೇಜಿಗೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ನಮ್ಮ ರಾಜ್ಯದ್ದು). ಕೆ-ಸೆಟ್ ಹಿಸ್ಟರಿ ಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ನೆಟ್ ಮಾತ್ರ ಹಿಂದಿ, ಇಂಗ್ಲಿಷ್‌ನಲ್ಲಿ. ಬಿ.ಎ.ಯನ್ನು ಕನ್ನಡದಲ್ಲೇ ಬರೆಯಲಿ, ಚೆನ್ನಾಗಿ ಬರೆಯಲಿ. ಇಂಗ್ಲಿಷ್ ಕ್ಲಾಸು ಮಾತ್ರ ತಪ್ಪಿಸುವುದು ಬೇಡ.

ಖರ್ಚಿನ ಮಾತು ನಿಮಗೇ ಗೊತ್ತು. ಶಕ್ತಿ ಯೋಜನೆಯಲ್ಲಿ ಸಾರಿಗೆ ಬಸ್ಸು ಫ್ರೀ. ಆದರೆ ಕಬ್ಬಿನ ಹಂಗಾಮಿನಲ್ಲಿ ಮುಧೋಳ ರಸ್ತೆಯ ಕಥೆ ಬೇರೆ ಅಲ್ವಾ? ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಹಿಂದೆ ಬಸ್ಸು ಸಿಕ್ಕಿಕೊಂಡರೆ ಮೊದಲ ಪಿರಿಯಡ್ ಹೋಯಿತು ಅಂತಲೇ ಲೆಕ್ಕ. ಶೇ 75 ಹಾಜರಿ ಬೇಕು, ಅದಕ್ಕೇ ಒಂದು ಬಸ್ಸು ಮುಂಚೆ ಹೊರಡಲಿ.

ಅರ್ಜಿಯನ್ನು ಡಿಗ್ರಿ ಪ್ರವೇಶಕ್ಕೆ ಸರ್ಕಾರ ಮಾಡಿರುವ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬೇಕು. ಸೈಬರ್ ಅಂಗಡಿಯವನ ಮೊಬೈಲ್ ನಂಬರ್ ಕೊಡಿಸಬೇಡಿ, ಒಟಿಪಿ ಬರುವುದು ಅದೇ ನಂಬರಿಗೆ.